ಗೋಧಿ ತರಿಯೊಳಗೆ ಬೇವಿನ ಸೊಪ್ಪು

ರೀ,

ಎದ್ದ ಕೂಡಲೇ ಮಂಚದ ಕೆಳಗಿನ ದೊಡ್ಡ ಡಬ್ಬ ನೋಡಿ. ಹಕ್ಕಿಗಳ ಮೇವಿಗೆ ನಾವು ಹುಳು ಸಾಕಿರುವ ಗೋಧಿ ತರಿಯೊಳಗೆ ನಿಮ್ಮಮ್ಮ ಹಿಡಿ ಬೇವಿನ ಸೊಪ್ಪು ಹೂತಿಟ್ಟಿದ್ದರು. ಎಲ್ಲ ಆರಿಸಿ ತೆಗೆದೆ, ಆದರೂ ಅರ್ಧಕ್ಕರ್ಧ ಹುಳು ಅಲುಗಾಡುತ್ತಿಲ್ಲ. ಸತ್ತಿವೆಯೋ ಮಂಕಾಗಿವೆಯೋ ಗೊತ್ತಿಲ್ಲ, ಎಸೆಯಬೇಡಿ. ಹೊಸಹಳ್ಳಿ ಮಿಲ್ಲಿಂದ ತಂದ ಹೊಸ ತರಿಗೆ ಹಾಕಿ, ಒಂದು ಚೂರು ಕ್ಯಾರೆಟ್ ಇಡಿ. ನೀರು ಚಿಮುಕಿಸಬೇಡಿ, ಹೋದ ಸಲ ಬೂಷ್ಟು ಬರಿಸಿದ್ದು ಸಾಕು.

ಮೈನಾ ಸಾಕುವ ರಾಜಾಜಿನಗರದ ಮೇಷ್ಟ್ರಿಗೆ ಬದುಕಿರುವಷ್ಟನ್ನೇ ಒಯ್ಯುತ್ತಿದ್ದೇನೆ. ಅವರ ಹಕ್ಕಿಗಳಿಗೆ ಎರಡು ದಿನಕ್ಕೂ ಸಾಲದು. ಅವರೂ ಕೈಬಿಟ್ಟರೆ ನಮಗೆ ಬೇರೆ ಗಿರಾಕಿ ಯಾರಿದ್ದಾರೆ?

ಅಮ್ಮನ ಮೇಲೆ ರೇಗಬೇಡಿ. "ಹುಳ ಸಾಕ್ತೀವಿ ಅಂದ್ರೆ ಅಮ್ಮ ಈ ಮನೇಲಿ ನೀರೂ ಮುಟ್ಟಲ್ಲ" ಅಂತ ನನ್ನ ಬಾಯಿ ಮುಚ್ಚಿಸಿದವರು ನೀವು. ನಿನ್ನೆ ಸಂಜೆ ನಾನು ಸೊಪ್ಪು ಆರಿಸುವುದನ್ನು ಕಂಡು ಹತ್ತಿರ ಬಂದು ಕೈ ಹಿಡಿದುಕೊಂಡರು. "ಗೋಧಿಗೆ ಹುಳ ಬೀಳಿಸ್ಕೊಂಡಿದ್ದೀಯ ಅಂತ ಯಾರಿಗೂ ಹೇಳಲ್ಲ ಕಣಮ್ಮ. ಅವನಿಗೂ ಹೇಳಲ್ಲ" ಅಂದರು.

ಹುಳು ನಾವೇ ಸಾಕಿದ್ದು ಅಂತ ನೀವೇ ಹೇಳಿ. ಕಾಫಿಗೂ ಮುಂಚೆ ಹೇಳಿ. ಬಿಸಿಲು ಬಂದ ಮೇಲೆ ಡಬ್ಬದ ಗೋಧಿಯನ್ನೆಲ್ಲ ಹರಡಿ ಹುಳ ಓಡಿಸಬೇಕು ಅಂತ ಆಗಲೇ ಮೊರ ತೆಗೆದಿಟ್ಟುಕೊಂಡಿದ್ದಾರೆ.

ಗೌರಾಂಬ