ಹೆಸರು ಕೂಗದೆ ಬಿದ್ದದ್ದು

ಕೊಣ್ಣೂರ

ಮೇಘಾಳ ಅಪ್ಪನವರಿಗೆ ಶೆಟ್ಟೆವ್ವನ ನಮಸ್ಕಾರ.

ಫೋನಿನಲ್ಲಿ ನಿಮಗೆ ಸರಿಯಾಗಿ ಕೇಳಿಸುವುದಿಲ್ಲವೆಂದು ಬರೆಯುತ್ತಿದ್ದೇನೆ. ಈ ಅರವತ್ತೈದರಲ್ಲಿ ನಾನು ಸೈಕಲ್ ಕಲಿತೆ! ನಿನ್ನೆ ಸಣ್ಣವರಿದ್ದಾಗ ಸಾಲಿಯಲ್ಲಿ ಜೊತೆಗೆ ಕಲಿತ ಗೆಳೆಯ ಗೆಳತಿಯರೆಲ್ಲ ಸೇರಿ ಸೈಕಲ್ ಮೇಲೆ ಹೊಳೆಯವರೆಗೆ ಹೋದೆವು. ಇಳಿಜಾರಿನಲ್ಲಿ ನನ್ನ ಬ್ರೇಕು ಹತ್ತಲಿಲ್ಲ. ಮುಂದಿದ್ದ ಗೆಳೆಯನದು ನಿಮ್ಮದೇ ಹೆಸರು. ಗಂಡನ ಹೆಸರು ಬಾಯಿಗೆ ಹೇಗೆ ಬಂದೀತು? “ಮೇಘಾನ ಅಪ್ಪಾ, ಸರೀರಿ!” ಎಂದು ಕೂಗಿದೆ. ತನ್ನನ್ನೇ ಕರೆದದ್ದೆಂದು ತಿಳಿಯದೆ ಅವನು ಸರಿಯಲಿಲ್ಲ. ಇಬ್ಬರೂ ಕಬ್ಬಿನ ಹೊಲಕ್ಕೆ ಬಿದ್ದೆವು.

“ಹೆಸರ ಒದರಿದ್ರ ಏನಾಗ್ತಿತ್ತಬೇ?” ಎಂದು ಗೆಳತಿ ಕಸ್ತೂರಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಮೊಣಕಾಲು ತರಚಿದೆ, ಅಷ್ಟೇ. ರವಿವಾರ ಗೋಕಾಕ ಫಾಲ್ಸಿಗೆ ಹೊರಟಿದ್ದೇವೆ, ಬೇಡ ಅನ್ನಬೇಡಿ. ಮೂಡಲಗಿಯ ಮಗಳ ಮನೆಯಿಂದ ಬರುವಾಗ ಸೈಕಲ್ಲಿಗೊಂದು ಬೆಲ್ ತನ್ನಿ. ಅಲ್ಲಿಯವರೆಗೆ ಹೆಸರು ಕೂಗುವುದನ್ನೇ ರೂಢಿ ಮಾಡಿಕೊಳ್ಳುತ್ತೇನೆ.

ಜಲ್ದಿ ಬರ್ರಿ, ಬಾಳೇಶಪ್ಪಾ!

ನಿಮ್ಮ
ಶೆಟ್ಟೆವ್ವ