ಎಡಗೈಯ ಗುಂಡಿ

ಜೂನ್ 7, ಶನಿವಾರ

ನನ್ನ ಜಾದೂ ಕ್ಲಾಸಿಗೆ ಎಂಟು ಮಕ್ಕಳು, ಎಂಟು ಗುಂಡಿ. ನೆಲಕ್ಕೆ ಬಿದ್ದದ್ದು ಎಷ್ಟು ಸಲವೋ, ಎಣಿಸುವುದನ್ನು ಬಿಟ್ಟೆ. ಕೆಳಗಿನಿಂದ ಲೈಬ್ರರಿಯವರು ಮೂರು ಸಲ ಕೆಮ್ಮಿದರು. ಕೆಮ್ಮಲಿ. ಶನಿವಾರ ಮೂರರಿಂದ ನಾಲ್ಕೂವರೆ, ಈ ಮಹಡಿಯ ಕೋಣೆ ನನ್ನದು.

ನಾಣ್ಯ ಮಕ್ಕಳ ಪುಟ್ಟ ಬೆರಳುಗಳಿಂದ ಜಾರುತ್ತದೆ, ಅದಕ್ಕೇ ಕೋಟಿನ ದೊಡ್ಡ ಗುಂಡಿ. ಅಣ್ಣನ ಹಳೆಯ ಸ್ಟೇಜ್ ಕೋಟು ನನ್ನ ಟ್ರಂಕಿನಲ್ಲಿ ಸುಮ್ಮನೆ ಕೊಳೆಯುತ್ತಿತ್ತು — ಕತ್ತರಿ ಹಾಕಿದೆ. ಜಾದೂ ಅಂತ ಇಪ್ಪತ್ತೆರಡು ವರ್ಷ ನನ್ನನ್ನು ಪೆಟ್ಟಿಗೆಯಲ್ಲಿ ಮಲಗಿಸಿ ಎರಡು ತುಂಡು ಮಾಡಿದವನು. ಎಂಟು ಗುಂಡಿಗೆ ಬೇಜಾರು ಮಾಡಿಕೊಳ್ಳಬಾರದು.

ಬೊಚ್ಚುಬಾಯಿ ಇವತ್ತು ಮೊದಲ ಸಲ ಗುಂಡಿ ಮಾಯ ಮಾಡಿದಳು. ಎಂಟು ವರ್ಷ, ಮುಂದಿನ ಎರಡು ಹಲ್ಲಿಲ್ಲ. ಮಾಡಿ ತಾನೇ ಬೆಚ್ಚಿಬಿದ್ದಳು. "ಮಿಸ್, ಎಲ್ಲಿ ಹೋಯ್ತು?" ಅಂತ ನನ್ನನ್ನೇ ಕೇಳುತ್ತಾಳೆ! ಅವಳ ಕೈಯಲ್ಲೇ ಇತ್ತು.

ಜೂನ್ 14, ಶನಿವಾರ. ಸಂಜೆ

ವಕೀಲ ಕೆಳಗಿನ ಕಪಾಟಿನಿಂದ ಚಿತ್ರಗಳಿರುವ ಜಾದೂ ಪುಸ್ತಕ ತಂದ. ಹತ್ತು ವರ್ಷದ ಹುಡುಗ, ಎಲ್ಲದಕ್ಕೂ ಸಾಕ್ಷಿ ಕೇಳುತ್ತಾನೆ, ಅದಕ್ಕೇ ಆ ಹೆಸರು.

"ಮಿಸ್, ಇದ್ರಲ್ಲಿ ಬಲಗೈಲಿ ತಗೊಂಡು, ಎಡಗೈಗೆ ಕೊಟ್ಟ ಹಾಗೆ ನಾಟಕ ಮಾಡ್ತಾರೆ. ಅಷ್ಟೆ, ಮುಗೀತು. ನಾವು ಮೊದ್ಲು ನಿಜವಾಗ್ಲೂ ಎಡಗೈಗೆ ಕೊಡ್ತೀವಿ. ಆಮೇಲೆ ಎಡಗೈಯಿಂದ ಬಲಗೈಗೆ ನಾಟಕ. ಎರಡೆರಡು ಸಲ ಯಾಕೆ?"

"ನಾನು ಹೇಳಿದ್ದಕ್ಕೆ" ಅಂದೆ. ಗೊತ್ತಿಲ್ಲದ ದೊಡ್ಡವರು ಕೊಡುವ ಉತ್ತರ. ನಾಚಿಕೆಯಾಯಿತು.

ಮನೆಗೆ ಬಂದು ಕನ್ನಡಿ ಮುಂದೆ ನಿಂತು ಮಾಡಿದೆ. ಮತ್ತೆ ಮಾಡಿದೆ. ಆಗ ಹೊಳೆಯಿತು.

ಅಣ್ಣ ಅಭ್ಯಾಸ ಮಾಡುವಾಗ ನನ್ನನ್ನು ಎದುರಿಗೆ ಕೂರಿಸಿಕೊಳ್ಳುತ್ತಿದ್ದ. "ಕಾಣ್ತಾ ಇದೆಯಾ ಪುಟ್ಟಿ? ಈಗ?" ನನಗೆ ಹನ್ನೊಂದು ವರ್ಷ. ಅವನ ಬಲಗೈ ಎದ್ದ ಕಡೆ ನನ್ನ ಎಡಗೈ ಏಳುತ್ತಿತ್ತು. ಯಾರೂ ಕಲಿಸಲಿಲ್ಲ, ಕದ್ದು ಕಲಿತೆ — ಪೂರ್ತಿ ಉಲ್ಟಾ ಕಲಿತೆ. ಉಣ್ಣುವುದು, ಬರೆಯುವುದು, ವಸ್ತು ಎತ್ತುವುದು ಎಲ್ಲ ಬಲಗೈ. ಜಾದೂ ಮಾತ್ರ ಎಡಗೈ. ಅದಕ್ಕೇ ಮೊದಲು ನಿಜವಾಗಿ ಎಡಗೈಗೆ ದಾಟಿಸುವುದು. ಇಷ್ಟು ವರ್ಷ ಯಾರೂ ಹೇಳಲಿಲ್ಲ, ಏಕೆಂದರೆ ನಾನು ಮಾಡಿದ್ದನ್ನು ಯಾರೂ ನೋಡಿರಲಿಲ್ಲ.

ಎಂಟು ಮಕ್ಕಳ ಕೈ ಕೆಡಿಸಿಬಿಟ್ಟೆನಾ...

ಜೂನ್ 17, ಮಂಗಳವಾರ

ಹೊತ್ತು ನೋಡಿಕೊಂಡೇ ಬಂದ ಹಾಗಿದೆ. ಜಾದೂಗಾರರ ಸಂಘದಿಂದ ಲೈಬ್ರರಿಗೆ ಪತ್ರ. ಸದಸ್ಯತ್ವವಿಲ್ಲದವರೊಬ್ಬರು ಮಕ್ಕಳಿಗೆ ತಪ್ಪು ಕಲಿಸುತ್ತಿದ್ದಾರಂತೆ. ಇಪ್ಪತ್ತೆಂಟಕ್ಕೆ ಬಂದು ನೋಡುತ್ತಾರಂತೆ. ಸರಿಯಿಲ್ಲ ಅಂದರೆ ನನ್ನ ಕ್ಲಾಸು, ಈ ಕೋಣೆ, ಎರಡೂ ಅವರ ಕಾರ್ಯದರ್ಶಿಗೆ. ಸಂಘದ ಅಧ್ಯಕ್ಷ ನನ್ನ ಸ್ವಂತ ಅಣ್ಣ.

ಲೈಬ್ರರಿಯವರು ಕನ್ನಡಕ ಒರೆಸುತ್ತಾ, "ನನ್ ಕೈಲಿ ಏನಿದೆ ಮೇಡಂ" ಅಂದರು.

ಅಣ್ಣನಿಗೆ ಫೋನ್ ಮಾಡಿದೆ. "ನಂಗ್ಯಾಕೆ ಸದಸ್ಯತ್ವ ಇಲ್ಲ ಗೊತ್ತಾ? ಮೂರು ಸಲ ಅರ್ಜಿ ಹಾಕಿದೆ. ಮೂರು ಸಲಾನೂ ವಾಪಸ್ ಕಳಿಸಿದ್ದು ನೀನೇ."

"ಪುಟ್ಟಿ, ಪೆಟ್ಟಿಗೇಲಿ ಮಲಗೋದು ಬೇರೆ, ಜಾದೂ ಮಾಡೋದು ಬೇರೆ."

ಆ ಪೆಟ್ಟಿಗೆಯೊಳಗೆ ಮೊಣಕಾಲು ಎದೆಗೆ ಒತ್ತಿಕೊಂಡು, ಉಸಿರು ಬಿಗಿಹಿಡಿದು, ನಗುಮುಖವನ್ನು ಮಾತ್ರ ಹೊರಗೆ ಇಟ್ಟವಳು ಯಾರು? ಅವನು ಗರಗಸ ಎಳೆದ, ಚಪ್ಪಾಳೆ ತಗೊಂಡ. ನನಗೆ ಇವತ್ತಿಗೂ ಮೆಟ್ಟಿಲು ಹತ್ತಿದರೆ ಮೊಣಕಾಲು ನೋಯುತ್ತದೆ.

ಜೂನ್ 21, ಶನಿವಾರ

ಸರಿಮಾಡಲು ಹೋದೆ. ಪುಸ್ತಕದ ಹಾಗೆ, ಬಲಗೈಯಿಂದ. ಎಲ್ಲ ಹಾಳಾಯಿತು. ಗುಂಡಿಗಳು ಕಿಟಕಿ ಕೆಳಗೆ, ಕಪಾಟಿನಡಿ... ಒಂದಂತೂ ಮೆಟ್ಟಿಲಿಳಿದು ಸೀದಾ ಲೈಬ್ರರಿಯವರ ಮೇಜಿನ ಹತ್ತಿರ. ವಕೀಲನ ಕಣ್ಣಲ್ಲಿ ನೀರು. "ನಂಗೆ ಬರ್ತಿತ್ತು ಮಿಸ್. ಈಗ ಅದೂ ಹೋಯ್ತು."

ಬೊಚ್ಚುಬಾಯಿ ಕೈಕಟ್ಟಿ ಕೂತುಬಿಟ್ಟಳು. "ನಮ್ದೇ ಚೆನ್ನಾಗಿತ್ತು. ನಮ್ಮಪ್ಪ ಹತ್ತು ಸಲ ನೋಡಿದ್ರೂ ಗೊತ್ತಾಗ್ಲಿಲ್ಲ. ಪುಸ್ತಕದವ್ರು ಬಂದು ನಮ್ಮಪ್ಪಂಗೆ ತೋರಿಸ್ಲಿ, ನೋಡೋಣ!"

ಅದೂ ಹೌದಲ್ಲ. ಯಾರಿಗೆ ಹೆದರಿ ಇವರ ಕೈ ಕಟ್ಟಿಹಾಕುತ್ತಿದ್ದೇನೆ? ಪುಸ್ತಕ ಮುಚ್ಚಿ ವಕೀಲನಿಗೆ ಕೊಟ್ಟೆ. "ಕೆಳಗಿಟ್ಟು ಬಾ. ನಾವು ನಮ್ಮ ಥರಾನೇ ಮಾಡೋಣ."

ಉಲ್ಟಾ ಅಂದರೆ ಉಲ್ಟಾ. ಬರಲಿ ಸಂಘ.

ಜೂನ್ 28, ಶನಿವಾರ. ಆರು ಗಂಟೆ

ಚಹಾ ಕೂಡ ಮಾಡದೆ ಬರೆಯಲು ಕೂತೆ, ಅಷ್ಟು ಖುಷಿ.

ಅಣ್ಣ, ಕಾರ್ಯದರ್ಶಿ — ಇಬ್ಬರೂ ಈ ಸೆಕೆಯಲ್ಲಿ ಕೋಟು. ಲೈಬ್ರರಿಯವರು ಬಾಗಿಲಿಗೆ ಒರಗಿ ನಿಂತಿದ್ದರು. ನಾನು ಯಾರನ್ನೂ ಕರೆಯುವ ಮೊದಲೇ ಬೊಚ್ಚುಬಾಯಿ ಎದ್ದು ಅಣ್ಣನ ಮುಂದೆ ನಿಂತಳು. ಮೇಜಿನ ಮೇಲಿದ್ದ ಗುಂಡಿಯನ್ನು ಬಲಗೈಯಲ್ಲಿ ಎತ್ತಿದಳು. ಎಡಗೈಗೆ ಕೊಟ್ಟಳು. ಎರಡೂ ಮುಷ್ಟಿ ಮುಚ್ಚಿದಳು.

ಅಷ್ಟಕ್ಕೇ ಅಣ್ಣ ತಡೆದ. "ಸಾಕಮ್ಮ. ಗುಂಡಿ ಬಲಗೈಲೇ ಇದೆ. ಕೊಟ್ಟ ಹಾಗೆ ನಾಟಕ ಆಡಿದೆ ಅಷ್ಟೆ. ನಿನ್ನ ಹೆಬ್ಬೆರಳೇ ಹೇಳ್ತಾ ಇದೆ." ಬರೆದುಕೋ ಅಂತ ಕಾರ್ಯದರ್ಶಿಗೆ ಸನ್ನೆ.

ಅವಳು ಬಲಗೈ ಬಿಚ್ಚಿದಳು. ಖಾಲಿ. ಎಡಗೈ ಬಿಚ್ಚಿದಳು. ಗುಂಡಿ.

"ನಿಜವಾಗ್ಲೂ ಕೊಟ್ಟೆ ತಾತ. ನಾನಿನ್ನೂ ಮೋಸ ಶುರುನೇ ಮಾಡಿಲ್ಲ!"

ಕೋಣೆಯೆಲ್ಲ ನಗು. ಲೈಬ್ರರಿಯವರು ಕೆಮ್ಮುವುದನ್ನೇ ಮರೆತರು. ಬಲಗೈಯಿಂದ ಎಡಗೈಗೆ ಹೋಗುವಾಗಲೇ ಮೋಸ — ಅಣ್ಣ ಜೀವಮಾನವೆಲ್ಲ ಮಾಡಿದ್ದು ಅದನ್ನೇ. ಕಣ್ಣೆದುರು ನಿಜ ನಡೆದರೂ ಅವನಿಗೆ ನಂಬಲಾಗಲಿಲ್ಲ. ಆಮೇಲೆ ಅವಳು ಮೋಸ ಶುರು ಮಾಡಿದಳು, ಎಡಗೈಯಿಂದ ಬಲಗೈಗೆ. "ಈಗ ಯಾವ ಕೈ ತಾತ?" ಅಣ್ಣ ಒಂದು ಮುಷ್ಟಿಯಿಂದ ಇನ್ನೊಂದಕ್ಕೆ ನೋಡಿ, ಗುಂಡಿಗೆ ಕೈ ಚಾಚಿದ.

ಈಸಿಕೊಂಡು ತಿರುಗಿಸಿ ನೋಡಿ, ನನ್ನ ಕಡೆ ತಿರುಗಿದ. "ಇದು ನನ್ನ ಕೋಟಿಂದು."

"ಹೌದು."

"ಈ ಥರ ಮಾಡೋದು ಎಲ್ಲಿ ಕಲಿತೆ?"

"ನಿನ್ನ ಎದುರು ಕೂತು."

ಗುಂಡಿಯನ್ನು ಮೇಜಿನ ಮೇಲಿಟ್ಟ. ಕಾರ್ಯದರ್ಶಿ ಪೆನ್ನು ಮುಚ್ಚುತ್ತಾ, "ಏನೇ ಆದ್ರೂ ಕ್ರಮ ತಪ್ಪು ಮೇಡಂ" ಅಂದರು.

"ತಪ್ಪೇ ಇರಲಿ ಸಾರ್. ಇದನ್ನೇ ಕಲಿಸ್ತೀನಿ. ಕೋಣೆ ಕಿತ್ಕೊಂಡ್ರೆ ಮೆಟ್ಟಿಲ ಮೇಲೆ ಕೂತು ಕಲಿಸ್ತೀನಿ." ಇಷ್ಟು ಜೋರಾಗಿ ಮಾತಾಡಿ ಎಷ್ಟು ವರ್ಷವಾಗಿತ್ತು! ಪೆಟ್ಟಿಗೆಯೊಳಗೆ ಮಾತಾಡುವ ಹಾಗಿರಲಿಲ್ಲ.

ಜುಲೈ 2, ಬುಧವಾರ

ಸಂಘದ ವರದಿ ಬಂತು. "ಕಲಿಸುವ ಕ್ರಮ ತಪ್ಪು. ಮುಂದುವರಿಸಬಾರದು." ಕಾರ್ಯದರ್ಶಿಯ ಸಹಿ ಇದೆ. ಅಧ್ಯಕ್ಷರ ಸಹಿಯ ಜಾಗ ಖಾಲಿ. "ಅರ್ಧ ಸಹಿ ಇರೋ ಕಾಗದ ನಂಗೆ ಕಾಗದವೇ ಅಲ್ಲ" ಅಂತ ಲೈಬ್ರರಿಯವರು ಅದನ್ನು ಡ್ರಾಯರಿಗೆ ತಳ್ಳಿ, ಕೋಣೆಯ ಕೀಲಿ ಕೊಟ್ಟರು.

ಜುಲೈ 3. ಬೆಳಿಗ್ಗೆ ಏಳು

ಅಣ್ಣನ ಫೋನ್. ಹಲೋ ಇಲ್ಲ, ಏನಿಲ್ಲ. "ಎಡಗೈಲಿ ಮಾಡಿ ನೋಡ್ತಾ ಇದೀನಿ. ಬರ್ತಾ ಇಲ್ಲ, ಬಿದ್ದುಹೋಗ್ತಾ ಇದೆ." ಹಿಂದೆ ಅತ್ತಿಗೆ ನಗುವುದು ಕೇಳಿಸಿತು. "ಹೆಬ್ಬೆರಳು ಎಲ್ಲಿಡಬೇಕು ಪುಟ್ಟಿ?"

'ಕಾಣ್ತಾ ಇದೆಯಾ' ಅನ್ನುವುದು ಬಿಟ್ಟರೆ ಜಾದೂ ಬಗ್ಗೆ ಅವನು ನನ್ನನ್ನು ಏನನ್ನೂ ಕೇಳಿದವನಲ್ಲ. ಹೇಳಿಬಿಡುತ್ತಿದ್ದೆ... ಹೇಳಲಿಲ್ಲ.

"ಫೋನಲ್ಲಿ ಕಲಿಸಲ್ಲ ಅಣ್ಣ. ಶನಿವಾರ ಮೂರು ಗಂಟೆ. ಎಲ್ಲರ ಜೊತೆ ನೆಲದ ಮೇಲೆ ಕೂರಬೇಕು. ಗುಂಡಿ ನೀನೇ ತಗೊಂಡು ಬಾ, ನನ್ ಹತ್ರ ಎಂಟೇ ಇರೋದು."

ಫೋನ್ ಇಟ್ಟದ್ದು ನಾನೇ.

ಜುಲೈ 5, ಶನಿವಾರ. ಮೂರಕ್ಕೆ ಐದು ನಿಮಿಷ

ಮಕ್ಕಳೆಲ್ಲ ಬಂದಾಯಿತು. ಗುಂಡಿ ಇನ್ನೂ ಹಂಚಿಲ್ಲ, ಎಂಟೂ ಮೇಜಿನ ಮೇಲಿವೆ. ವಕೀಲ ಗಡಿಯಾರ ನೋಡುತ್ತಿದ್ದಾನೆ, ನಾನು ನೋಡುವುದಿಲ್ಲ. ಬಂದರೆ ಬರಲಿ, ಬಿಟ್ಟರೆ ಬಿಡಲಿ.

ಮೆಟ್ಟಿಲಲ್ಲಿ ಟಣ್ ಅಂತ ಏನೋ ಬಿತ್ತು. ಉರುಳಿಕೊಂಡು ಕೆಳಗೆ ಹೋಯಿತು. ಭಾರದ ಹೆಜ್ಜೆ ಅದರ ಹಿಂದೆ ಇಳಿಯಿತು, ನಿಂತಿತು. ಈಗ ಮತ್ತೆ ಹತ್ತುತ್ತಿದೆ. ಬೊಚ್ಚುಬಾಯಿ ಬಾಗಿಲಲ್ಲಿ ಇಣುಕಿ ನೋಡಿ, ಬಾಯಿ ಮುಚ್ಚಿಕೊಂಡು ನಗುತ್ತಾ ಓಡಿಬಂದಳು. "ಮಿಸ್, ಮಿಸ್, ಯಾವ ಕೈಲಿ ಎತ್ಕೊಂಡ್ರು ಗೊತ್ತಾ?"

ಕೇಳಬೇಕಾಗಿಲ್ಲ. ಅಣ್ಣ ಬಾಗಿಲಲ್ಲಿ ನಿಂತಿದ್ದಾನೆ, ಗುಂಡಿ ಎಡಗೈಯಲ್ಲಿ.