ಒಂಬತ್ತು ಮಂದಿ ಬಿಟ್ಟು ನೂರಕ್ಕೆ ನೂರು

9 ಡಿಸೆಂಬರ್ 1970, ಬುಧವಾರ

ಹಾಲು, ಪೇಪರು, ಸಯನ್ ಸ್ಟೇಷನ್‌ವರೆಗೆ ನಡಿಗೆ — ಎಲ್ಲ ದಿನದಂತೆ. ಆದರೆ ಇದನ್ನು ಬರೆದಿಡಬೇಕು. ಕಳೆದ ತಿಂಗಳು 28, ಶನಿವಾರ, ನಮ್ಮ ಕನ್ನಡ ಹೈಸ್ಕೂಲು ಹನ್ನೊಂದನೆಯ ತರಗತಿಯ ಒಂಬತ್ತು ಮಕ್ಕಳ ಕೈಗೆ ಎಲ್.ಸಿ. — ಶಾಲೆ ಬಿಟ್ಟ ಸರ್ಟಿಫಿಕೇಟು — ಕೊಟ್ಟು ಹೊರಗೆ ಹಾಕಿದೆ. ಮಾರ್ಚಿನಲ್ಲಿ ಎಸ್.ಎಸ್.ಸಿ.ಗೆ ಕೂರಬೇಕಾಗಿದ್ದವರು. ಫೇಲಾಗಬಹುದೆಂಬ ಒಂದೇ ಅನುಮಾನ. ಆ ಒಂಬತ್ತು ಮಂದಿ ಹೋದರೆ ಫಲಿತಾಂಶ ನೂರಕ್ಕೆ ನೂರು. ಗೇಟಿಗೆ ಬೋರ್ಡು ಹಾಕಬಹುದು.

ಹೇಳಿದವರು ಹೆಡ್‌ಮಿಸ್ಟ್ರೆಸ್ ಪಂಕಜಾ. ಸಂಜೆ ಮನೆಗೇ ಬಂದರು. ಹೆಂಡತಿ ಅಮ್ಮಣ್ಣಿ ಕೊಟ್ಟ ಕಾಫಿ ಹಾಗೇ ಆರಿಹೋಯಿತು.

“ನಾನು ಟ್ರೇನಿಂಗಿಗೆ ಪುಣೆಗೆ ಹೋಗಿದ್ದ ವಾರ ನೋಡಿಕೊಂಡು ಮಾಡಿದಾರೆ ಸಾರ್. ಎಲ್.ಸಿ.ಗೆ ಸೀನಿಯರ್ ಟೀಚರ್ ಕೈಲಿ ಸಹಿ ಹಾಕಿಸಿದಾರೆ. ಕಮಿಟಿ ಠರಾವಂತೆ.”

“ನಾನೂ ಕಮಿಟಿಯಲ್ಲಿದ್ದೇನೆ. ಅಂಥ ಠರಾವು ಬಂದೇ ಇಲ್ಲ.”

“ಹಾಗಾದ್ರೆ ಅಷ್ಟನ್ನು ಅಧ್ಯಕ್ಷರಿಗೆ ಬರೆದುಕೊಡಿ, ಎಲ್.ಸಿ. ರದ್ದಾಗತ್ತೆ. 31ರೊಳಗೆ ಎಸ್.ಎಸ್.ಸಿ. ಬೋರ್ಡಿಗೆ ಹೆಸರು ಕಳಿಸಿದ್ರೆ ಮಕ್ಕಳು ಕೂರ್ತಾರೆ.”

ಬರೆದುಕೊಡುತ್ತೇನೆ ಎಂದೆ. ಮಾತು ಕೊಟ್ಟೆ.

10 ಡಿಸೆಂಬರ್

ನನಗೆ ಎಲ್ಲ ನೆನಪಿದೆ. 1953ರಲ್ಲಿ ಆಂಟಾಪ್ ಹಿಲ್‌ನ ಚಾಳಿನ ಎರಡು ಖೋಲಿಯಲ್ಲಿ ಈ ಶಾಲೆ ಶುರುವಾದದ್ದು. ಕಪ್ಪು ಹಲಗೆಯನ್ನು ಬೈಕುಲ್ಲಾದಿಂದ ಕೈಗಾಡಿಯಲ್ಲಿ ತಂದವರಲ್ಲಿ ನಾನೊಬ್ಬ. ಮೊದಲ ಬ್ಯಾಚಿನಲ್ಲಿ ಕೂತವರು ಹನ್ನೊಂದು, ಪಾಸಾದವರು ನಾಲ್ಕು. ಪೇಢಾ ಹನ್ನೊಂದೂ ಮಕ್ಕಳಿಗೆ ಕೊಟ್ಟೆವು. ಉಳಿದ ಏಳು ಮಂದಿಯನ್ನು ಬಚ್ಚಿಡಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಪಂಕಜಾ ಬಂದದ್ದು 66ರಲ್ಲಿ. ಮೊದಲ ವಾರವೇ ಎಂಟನೆಯ ತರಗತಿಗೆ ಹೋಗಿ, ಯಾರೂ ನೋಡಿರದ ಒಂದು ಹಾಳೆ ಕೊಟ್ಟು ಓದಿಸಿದರು. ಐವತ್ತೆರಡರಲ್ಲಿ ಇಪ್ಪತ್ತು ಮಕ್ಕಳಿಗೆ ಓದಲು ಬರುತ್ತಿರಲಿಲ್ಲ. ಪಾಠವೆಲ್ಲ ಬಾಯಿಪಾಠ. ಮನೆಯಲ್ಲಿ ಗುಲ್ಬರ್ಗದ ಮಾತು, ಬೀದಿಯಲ್ಲಿ ಹಿಂದಿ, ಪುಸ್ತಕದಲ್ಲಿ ಇನ್ನೊಂದು ಕನ್ನಡ. ಅಂದಿನಿಂದ ಎಂಟರಲ್ಲಿ ದಿನಾ ಅರ್ಧ ಗಂಟೆ ಓದು. ಗಣಿತದ ಮಾಸ್ತರೂ ಲೆಕ್ಕವನ್ನು ಮೊದಲು ಮಕ್ಕಳಿಂದ ಗಟ್ಟಿಯಾಗಿ ಓದಿಸಬೇಕು. ಒಬ್ಬರ ಪಾಠಕ್ಕೆ ಇನ್ನೊಬ್ಬರು ಹೋಗಿ ಹಿಂದಿನ ಬೆಂಚಿನಲ್ಲಿ ಕೂರಬೇಕು. ಶನಿವಾರ ಮಧ್ಯಾಹ್ನ ಎಲ್ಲರೂ ಸೇರಿ, ಈ ವಾರ ಯಾವ ಮಗುವಿಗೆ ಏನು ತಿಳಿಯಲಿಲ್ಲ, ಯಾಕೆ — ಅಷ್ಟೇ ಮಾತು. ಮೊದಮೊದಲು ಮಾಸ್ತರರು ಸಿಟ್ಟಾದರು. ಆಮೇಲೆ ಅವರೇ ಗಡಿಯಾರ ನೋಡುವುದನ್ನು ಬಿಟ್ಟರು. ನಲವತ್ತೊಂದು ಪರ್ಸೆಂಟಿದ್ದ ಫಲಿತಾಂಶ ಅರವತ್ತೆಂಟಕ್ಕೆ ಬಂತು. ಯಾರನ್ನೂ ಹೊರಗೆ ಹಾಕದೆ.

ಈಗ ಆ ಅರವತ್ತೆಂಟು ಸಾಲದು.

12 ಡಿಸೆಂಬರ್, ಶನಿವಾರ

ಸುಂದ್ರವ್ವ ಬಂದಿದ್ದಳು. ಒಂಬತ್ತು ಮಂದಿಯಲ್ಲಿ ಒಬ್ಬಳಾದ ನೀಲಾಬಾಯಿಯ ತಾಯಿ. ಬಿಲ್ಡಿಂಗ್ ಕೆಲಸದಲ್ಲಿ ಇಟ್ಟಿಗೆ ಹೊರುತ್ತಾಳೆ. ಬಾಗಿಲಲ್ಲೇ ನಿಂತಳು. ಒಳಗೆ ಬಾ ಎಂದರೆ ಕಾಲು ಧೂಳಾಗಿದೆ ಎಂದಳು.

“ಸಾಲಿ ಶಿಪಾಯಿ ಬಂದು ಇಲ್ಲಿ ಹೆಬ್ಬಟ್ಟು ಒತ್ತಬೇ ಅಂದಾರ್ರೀ. ಒತ್ತೇನಿ. ಎಲ್.ಸಿ. ಕೊಟ್ರು. ಸಾಲಿ ಮುಗೀತು, ಹುಡುಗಿ ಪಾಸಾದ್ಲು ಅಂತ ತಿಳಕೊಂಡು ಚಾಳಿಗೆಲ್ಲ ಪೇಢಾ ಹಂಚಿನ್ರೀ ಯಪ್ಪಾ. ಹುಡುಗಿ ಒಂದ ಸವನ ಅಳಾಕತ್ತಿತ್ತು. ಖುಷಿಗೆ ಅಳತೈತಿ ಅಂದ್ಕೊಂಡ್ನಿ.”

ಹೆಬ್ಬೆಟ್ಟು ಒತ್ತಿಸಿಕೊಂಡ ಕಾಗದವನ್ನು ಪಂಕಜಾ ನನಗೆ ತೋರಿಸಿದ್ದಾರೆ. ‘ನಮ್ಮ ಸ್ವಂತ ಕಾರಣದಿಂದ ಮಗಳನ್ನು ಶಾಲೆ ಬಿಡಿಸುತ್ತಿದ್ದೇವೆ.’ ಒಂಬತ್ತು ಕಾಗದ, ಒಂದೇ ಕೈಬರಹ.

ಅದರಲ್ಲಿದ್ದದ್ದನ್ನು ಸುಂದ್ರವ್ವನಿಗೆ ಹೇಳಿದೆ. ಹೆಬ್ಬೆರಳನ್ನು ಸೆರಗಿಗೆ ಒರೆಸಿಕೊಂಡಳು. “ಪರೀಕ್ಷಾ ಕೂಡಸ್ರೀ. ಆಕಿ ದಿನಾ ಪೇಪರ್ ಓದಿ ನನಗ ಹೇಳ್ತಾಳ್ರೀ ಈಗ,” ಎಂದಳು.

ಸೋಮವಾರ ಶಾಲೆಯ ಆಫೀಸಿಗೆ ಹೋಗಿ ಮಿನಿಟ್ ಬುಕ್ ತೆಗೆಸುತ್ತೇನೆ. ಆ ಠರಾವನ್ನು ಯಾರು ತುರುಕಿದರೋ ಅವರನ್ನು ಬಿಡುವುದಿಲ್ಲ.

14 ಡಿಸೆಂಬರ್, ಸೋಮವಾರ

ನವೆಂಬರ್ 21ರ ಸಭೆ. ಆರನೆಯ ಠರಾವು. ‘ಅಭ್ಯಾಸದಲ್ಲಿ ಹಿಂದುಳಿದ ಒಂಬತ್ತು ವಿದ್ಯಾರ್ಥಿಗಳನ್ನು…’ ಕೆಳಗೆ ಏಳು ಸಹಿ. ಮೂರನೆಯದು ನನ್ನದು.

ನನ್ನದೇ. ಖೋಟಾ ಅಲ್ಲ.

ನಮ್ಮ ಪದ್ಧತಿ ಹಾಗೆ. ಚಹಾ, ಬಟಾಟೆವಡಾ ಬಂದಾಗ ಮಿನಿಟ್ ಬುಕ್ ಸುತ್ತು ಬರುತ್ತದೆ. ಖಾಲಿ ಹಾಳೆಯ ಬುಡದಲ್ಲಿ ಎಲ್ಲರ ಸಹಿ. ಠರಾವುಗಳನ್ನು ಸೆಕ್ರೆಟರಿ ಆಮೇಲೆ ಮನೆಯಲ್ಲಿ ಕೂತು ತುಂಬುತ್ತಾರೆ. ಎಲ್ಲರಿಗೂ ಲೋಕಲ್ ರೈಲು ಹಿಡಿಯುವ ಅವಸರ. ಹದಿನೇಳು ವರ್ಷದಿಂದ ಹೀಗೇ.

ಸೆಕ್ರೆಟರಿ ಶಿವಪುತ್ರಪ್ಪ ಎದುರಿಗೇ ಕೂತಿದ್ದರು. ಎಲೆ ಅಡಿಕೆ ಹಾಕಿಕೊಂಡು ನಕ್ಕರು.

“ಲೈಬ್ರರಿ ಅರ್ಧ ಓದಿ ಮುಗಿಸೀರಿ ರಾಯರ. ಈ ಒಂದು ಹಾಳಿ ಓದಾಕ ಟೈಮ್ ಸಿಗಲಿಲ್ಲೇನ್ರೀ?”

“ಸಹಿ ಹಾಕಿದಾಗ ಅದರಲ್ಲಿ ಏನೂ ಇರಲಿಲ್ಲ. ಹಾಗೆಂದು ಅಧ್ಯಕ್ಷರಿಗೆ ಬರೆಯುತ್ತೇನೆ.”

“ಬರೀರಿ. ಹದಿನೇಳು ವರ್ಷ ಖಾಲಿ ಹಾಳಿಗೆ ಸಹಿ ಮಾಡೇನಿ ಅಂತನೂ ಬರೀರಿ. ಪಂಕಜಾ ಬಾಯಿ ನೇಮಕಾನೂ ಅದ ಬುಕ್ಕಿನ್ಯಾಗ ಐತಿ. ಅದನ್ನೂ ಖೋಟಾ ಅಂತ ಬರೀರಿ.”

ಎದ್ದು ಬಂದೆ.

ಸುಂದ್ರವ್ವನಿಗೆ ಓದಲು ಬರುವುದಿಲ್ಲ. ನನಗೆ?

17 ಡಿಸೆಂಬರ್

ಪತ್ರ ಮೂರು ಸಲ ಬರೆದೆ. ಮೂರು ಸಲ ಹರಿದೆ. ‘ಓದದೆ ಸಹಿ ಹಾಕಿದೆ’ ಎಂಬ ವಾಕ್ಯದ ಹತ್ತಿರ ಬಂದು ಪೆನ್ನು ನಿಲ್ಲುತ್ತದೆ. ಪಂಕಜಾ ನೇಮಕಕ್ಕೆ ತೊಂದರೆಯಾದೀತು ಎಂದು ಸಮಾಧಾನ ಹೇಳಿಕೊಳ್ಳುತ್ತೇನೆ. ಅದು ನೆಪ ಎಂದು ನನಗೆ ಗೊತ್ತು.

ಅಮ್ಮಣ್ಣಿ — “ಕಳಿಸಿ, ಇಲ್ಲಾ ಬಿಡಿ. ಮನೇಲಿ ಹೀಗೆ ಓಡಾಡ್ತಾ ಗೊಣಗಬೇಡಿ.”

20 ಡಿಸೆಂಬರ್, ಭಾನುವಾರ

ಪಂಕಜಾ ಮತ್ತೆ ಬಂದರು. ಎಲ್ಲ ಹೇಳಿದೆ. ಬೈಯಲಿಲ್ಲ.

“ನನ್ನ ನೇಮಕ ಹೋದರೆ ಹೋಗಲಿ ಸಾರ್. ನೀಲಾ ಅಂಚಿನಲ್ಲಿದಾಳೆ, ನಿಜ. ಆದರೆ ಪಾಸಾಗೋ ಕಡೆಯ ಅಂಚು. ಇನ್ನು ಹನ್ನೊಂದು ದಿನ ಇದೆ.”

ನಾಳೆ ಕಳಿಸುತ್ತೇನೆ ಎಂದೆ.

4 ಜನವರಿ 1971, ಸೋಮವಾರ

ಕಳಿಸಲಿಲ್ಲ.

7 ಜನವರಿ

ಆಂಟಾಪ್ ಹಿಲ್‌ಗೆ ಹೋದೆ. ನೀಲಾ ಚಾಳಿನ ನಲ್ಲಿಯ ಹತ್ತಿರ ಸಿಕ್ಕಳು. ಕೈಯಲ್ಲಿ ಬುಟ್ಟಿ, ತಲೆಗೆ ಸಿಂಬಿ. ಅವ್ವನ ಜೊತೆ ಚೆಂಬೂರಿನ ಸೈಟಿಗೆ ಹೊರಟಿದ್ದಳು. ಮುಂದಿನ ವರ್ಷ ಹೊರಗಿನಿಂದ ಪರೀಕ್ಷೆ ಕಟ್ಟು, ಪುಸ್ತಕ ನಾನು ಕೊಡುತ್ತೇನೆ ಎಂದೆ.

“ಅಬ್ ಕ್ಯಾ ಸರ್. ಮುಕಾದಮ್ ಕೂಲಿ ಪಟ್ಟ್ಯಾಗ ಹೆಸರು ಬರಕೊಂಡಾನ್ರೀ,” ಎಂದಳು. ಮರ್ಯಾದೆಯಿಂದಲೇ ಹೇಳಿದಳು. ಅದನ್ನೇ ತಡೆದುಕೊಳ್ಳಲಾಗಲಿಲ್ಲ.

30 ಏಪ್ರಿಲ್

ಪಂಕಜಾ ರಾಜೀನಾಮೆ ಕೊಟ್ಟು ಮೈಸೂರಿಗೆ ಹೋದರು. ನನಗೆ ತಿಳಿಸಲಿಲ್ಲ. ಶನಿವಾರದ ಸಭೆ ನಿಂತಿದೆ. ಶಾಲೆಯ ಮುಂದೆ ಹಾದುಹೋದೆ. ಪ್ರತಿ ಕ್ಲಾಸಿನ ಬಾಗಿಲೂ ಮುಚ್ಚಿತ್ತು. ಎಂಟನೆಯ ತರಗತಿ ಒಂದೇ ರಾಗದಲ್ಲಿ ಏನನ್ನೋ ಬಾಯಿಪಾಠ ಒಪ್ಪಿಸುತ್ತಿತ್ತು.

12 ಜೂನ್, ಶನಿವಾರ

ನೂರಕ್ಕೆ ನೂರು. ಗೇಟಿಗೆ ಬೋರ್ಡು ಬಂದಿದೆ. ಮನೆಗೆ ಪೇಢಾ ಕಳಿಸಿದ್ದರು. ಅಮ್ಮಣ್ಣಿ ಡಬ್ಬಿಯನ್ನು ಬಿಚ್ಚದೆ ಹಿಂದಕ್ಕೆ ಕಳಿಸಿದಳು.

17 ಜುಲೈ, ಶನಿವಾರ, ಸಂಜೆ 6

ನಾಳೆ ಶಾಲೆಯ ವಾರ್ಷಿಕ ಸಭೆ. ಇನ್ನೂರು ಮಂದಿಯಾದರೂ ಬರುತ್ತಾರೆ. ಸುಂದ್ರವ್ವನಿಗೂ ಹೇಳಿಕಳಿಸಿದ್ದೇನೆ. ಏಳು ತಿಂಗಳು ತಡವಾಗಿ, ಆ ಮಕ್ಕಳಿಗೆ ಯಾವ ಉಪಯೋಗಕ್ಕೂ ಬಾರದ ಹೊತ್ತಿನಲ್ಲಿ, ಎದ್ದು ನಿಂತು ಓದಲಿರುವುದು ಇಷ್ಟು —

‘ಒಂಬತ್ತು ಮಕ್ಕಳನ್ನು ತೆಗೆಯುವ ಮಾತನ್ನು ಎತ್ತಿದವರು ಯಾರು? ಸುಳ್ಳು ಕಾಗದಕ್ಕೆ ತಾಯಂದಿರ ಹೆಬ್ಬೆಟ್ಟು ಒತ್ತಿಸಿದವರು ಯಾರು? ಠರಾವಿನ ಕೆಳಗೆ ಸಹಿ ಹಾಕಿದ ಏಳು ಮಂದಿಯಲ್ಲಿ ಅದನ್ನು ಓದಿದವರು ಯಾರು? ಉತ್ತರ ಕಮಿಟಿಯ ಕೋಣೆಯಲ್ಲಿ ಬೇಡ, ಇಲ್ಲಿ ಬೇಕು, ಈ ತಾಯಂದಿರ ಮುಂದೆ. ಒಬ್ಬೊಬ್ಬರೂ ಎದ್ದು ನಿಂತು, ಹೆಸರು ಹೇಳಿ, ಉತ್ತರ ಕೊಡಬೇಕು. ಮೊದಲು ನಾನು. ನನ್ನ ಹೆಸರು ತಿರುಮಲೇಶ. ಮೂರನೆಯ ಸಹಿ ನನ್ನದು. ನಾನು ಅದನ್ನು —’ ಪೆನ್ನು ಮತ್ತೆ ಅಲ್ಲೇ ನಿಂತಿದೆ.